ಹನ್ನೆರಡು ಹಳೆಯ ಟೀವಿಗಳಿಗೆ ಸ್ಟಿಕ್ ಜೋಡಿಸಿದ ನನ್ನ ಅನುಭವ

ಶಿರಸಿಯ ಒಂದು ಲಾಡ್ಜಿನ ಹನ್ನೆರಡು ಕೋಣೆಗಳಲ್ಲಿದ್ದ 32 ಇಂಚಿನ ಹಳೆಯ ಎಲ್‌ಸಿಡಿ ಟೀವಿಗಳಿಗೇ ನೆಟ್‌ನಿಂದ ಸಿನಿಮಾ ತರಿಸಿ ತೋರಿಸುವ ಸ್ಟ್ರೀಮಿಂಗ್ ಸ್ಟಿಕ್ ಜೋಡಿಸಿ ಕೊಡುತ್ತೇನೆಂದು 2023ರ ಕೊನೆಯಲ್ಲಿ ನಾನು ಒಪ್ಪಿಕೊಂಡಾಗ ನಮ್ಮ ಕಸುಬಿನವರೇ ಮೂವರು ನಕ್ಕಿದ್ದರು. ಅವರಲ್ಲಿ ಹಿರಿಯರೊಬ್ಬರು, "ಜಾತ್ರೆ ಮುಗಿಯೋದ್ರೊಳಗೆ ಹನ್ನೆರಡೂ ನಿನ್ನ ಅಂಗಡಿಗೆ ಬಂದು ಕೂರ್ತವೆ ತಮ್ಮಾ" ಎಂದಿದ್ದರು. ಎರಡು ವರ್ಷಕ್ಕೊಮ್ಮೆ ಬರುವ ಮಾರಿಕಾಂಬಾ ಜಾತ್ರೆ 2024ರ ಮಾರ್ಚಿನಲ್ಲಿತ್ತು, ಆ ದಿನಗಳಲ್ಲಿ ಊರಿನ ಯಾವ ಲಾಡ್ಜಿನಲ್ಲೂ ಕೋಣೆ ಖಾಲಿ ಇರುವುದಿಲ್ಲ. ಜಾತ್ರೆ ಮುಗಿಯಿತು, ಅದರ ಮೇಲೆ ಒಂದು ಮಳೆಗಾಲವೂ ಕಳೆಯಿತು. ಅಂಗಡಿಗೆ ಬಂದದ್ದು ಒಂದೇ ಟೀವಿ, ಅದೂ ಬ್ಯಾಕ್‌ಲೈಟ್ ಹೋಗಿ.

ಹೊಸ ಸ್ಮಾರ್ಟ್ ಟೀವಿಗಳನ್ನೇ ಹಾಕಿದ್ದರೆ ಒಂದಕ್ಕೆ ಹನ್ನೆರಡು ಸಾವಿರದಂತೆ ಹಿಡಿದರೂ ಒಂದೂವರೆ ಲಕ್ಷದ ಹತ್ತಿರ ಆಗುತ್ತಿತ್ತು. ಮಾಲೀಕರು ಅರವತ್ತು ಸಾವಿರದ ಮೇಲೆ ಒಂದು ರೂಪಾಯಿ ಕೊಡುವುದಿಲ್ಲವೆಂದು ಮೊದಲೇ ಹೇಳಿದ್ದರು. ಆ ಮಿತಿಯೊಳಗೆ ನನಗೂ ನಾಲ್ಕು ಕಾಸು ಉಳಿಯಲಿ ಎಂಬ ಆಸೆಯಿಂದ ನಾನು ಮಾಡಿದ ಮೊದಲ ತಪ್ಪು, ಸ್ಟಿಕ್ಕಿನ ಕೆಲಸವನ್ನೇ ಮಾಡುವ, ಹೆಸರಿಲ್ಲದ ಅಗ್ಗದ ಆಂಡ್ರಾಯ್ಡ್ ಪೆಟ್ಟಿಗೆಗಳನ್ನು ನಾಲ್ಕು ತರಿಸಿದ್ದು. ಒಂದಕ್ಕೆ ಸುಮಾರು 1,800 ರೂಪಾಯಿ ಬಿತ್ತು. ಡಬ್ಬಿಯ ಮೇಲೆ ದೊಡ್ಡ ಅಕ್ಷರಗಳಲ್ಲಿ 4ಕೆ ಎಂದು ಮುದ್ರಿಸಿದ್ದರು. ಯೂಟ್ಯೂಬ್ ಚೆನ್ನಾಗಿಯೇ ಬಂತು, ಆದರೆ ಹಣ ಕೊಟ್ಟು ನೋಡುವ ಆ್ಯಪ್‌ಗಳಲ್ಲಿ ಚಿತ್ರ ಎಚ್‌ಡಿಗಿಂತ ಕೆಳಗಿನ 480ಪಿ ಗುಣಮಟ್ಟ ದಾಟಲಿಲ್ಲ. ಎರಡು ದಿನ ಕೇಬಲ್ ಬದಲಿಸಿ, ಟೀವಿ ಬದಲಿಸಿ ಒದ್ದಾಡಿದ ಮೇಲೆ ಆ ಪೆಟ್ಟಿಗೆಗಳಲ್ಲಿ ಇರುವುದು ನಕಲು ತಡೆಯುವ ವೈಡ್‌ವೈನ್ ಬೀಗದ ಕೆಳಹಂತವಾದ ಎಲ್3 ಮಾತ್ರ ಎಂದು ತಿಳಿಯಿತು. ಮೇಲಿನ ಹಂತವಾದ ಎಲ್1 ಇಲ್ಲದ ಪೆಟ್ಟಿಗೆಗೆ ಆ ಆ್ಯಪ್‌ಗಳು ಎಚ್‌ಡಿ ಚಿತ್ರವನ್ನು ಕಳಿಸುವುದೇ ಇಲ್ಲ, ಅದನ್ನು ಎಂಥ ಟೀವಿಗೆ ಸಿಕ್ಕಿಸಿದರೂ ಅಷ್ಟೇ. ನಾಲ್ಕನ್ನೂ ತಲಾ ಆರುನೂರಕ್ಕೆ ಮಾರಿ ಕೈತೊಳೆದುಕೊಂಡೆ. ಆ ನಷ್ಟ ಮಾಲೀಕರಿಗೆ ಇಂದಿಗೂ ಗೊತ್ತಿಲ್ಲ.

ಆಮೇಲೆ ಹೆಸರಾಂತ ಕಂಪನಿಯ ಸ್ಟಿಕ್‌ಗಳನ್ನೇ ರಿಯಾಯಿತಿ ಮಾರಾಟದ ದಿನಗಳಲ್ಲಿ ಒಂದೊಂದು ಮೂರು ಸಾವಿರದ ಆಸುಪಾಸಿನಲ್ಲಿ ಕೊಂಡೆ. ಎಲ್ಲರೂ ಮಾಡುವ ಹಾಗೆ ಟೀವಿಯ ಯುಎಸ್‌ಬಿ ಪೋರ್ಟಿನಿಂದಲೇ ಕರೆಂಟು ಕೊಟ್ಟೆ. ಮುಖಪುಟ ಬರುತ್ತಿತ್ತು, ಆ್ಯಪ್ ತೆರೆಯುತ್ತಿತ್ತು, ಸಿನಿಮಾ ಶುರುವಾಗಿ ಮೂರು ನಾಲ್ಕು ನಿಮಿಷಕ್ಕೆ ಸ್ಟಿಕ್ ತನ್ನಷ್ಟಕ್ಕೆ ಆರಿ ಮತ್ತೆ ಹೊತ್ತಿಕೊಳ್ಳುತ್ತಿತ್ತು. ಆ ಪೋರ್ಟುಗಳ ಮೇಲೆ 5 ವೋಲ್ಟ್, 0.5 ಆಂಪಿಯರ್ ಎಂದು ಬರೆದೇ ಇತ್ತು, ಸ್ಟಿಕ್‌ಗೆ ಬೇಕಾದದ್ದು ಒಂದು ಆಂಪಿಯರ್. ಓದಿಯೂ ನಾನು ಲಕ್ಷ್ಯ ಕೊಟ್ಟಿರಲಿಲ್ಲ. ಗೋಡೆಯ ಪ್ಲಗ್ಗಿಗೆ ಅಡಾಪ್ಟರ್ ಹಾಕಿದ ಮೇಲೂ ಐದು ಕೋಣೆಗಳಲ್ಲಿ ಅದೇ ರೋಗ ಮುಂದುವರಿದಾಗ ಮಾತ್ರ ನಿಜಕ್ಕೂ ಗಾಬರಿಯಾಯಿತು. ಯುಎಸ್‌ಬಿ ಮೀಟರ್ ಇಟ್ಟು ನೋಡಿದರೆ ಸ್ಟಿಕ್ಕಿನ ತುದಿಯಲ್ಲಿ 4.6 ವೋಲ್ಟ್ ಇತ್ತು. ಪ್ಲಗ್ಗು ದೂರವೆಂದು ನಾನು ಹಾಕಿದ್ದ ಮೂರು ಮೀಟರಿನ ತೆಳು ವೈರು ಉಳಿದದ್ದನ್ನು ನುಂಗುತ್ತಿತ್ತು. ಪ್ಲಗ್ ಪಾಯಿಂಟನ್ನೇ ಟೀವಿಯ ಬೆನ್ನಿಗೆ ಎಳೆಸಿ, ಒಂದು ಮೀಟರಿನ ದಪ್ಪ ವೈರು ಹಾಕಿದ ಮೇಲೆ ಆ ಕಾಟ ಪೂರ್ತಿ ನಿಂತಿತು. ಅಡಾಪ್ಟರ್ ಯಾವ ಅಂಗಡಿಯದ್ದು, ಅದನ್ನು ಅತಿಥಿಗಳು ಕಿತ್ತು ಫೋನ್ ಚಾರ್ಜಿಗೆ ಒಯ್ಯದಂತೆ ಹೇಗೆ ಕೂರಿಸಿದ್ದೇನೆ ಎಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ.

ನಂತರ ಬಂದ ದೂರು, ಚಿತ್ರ ಮಸುಕು ಎಂಬುದು. "ಹಳೇ ಪ್ಯಾನೆಲ್ ಅಲ್ವಾ" ಎಂದು ಮಾಲೀಕರು ಮುಖ ಸಣ್ಣದು ಮಾಡಿಕೊಂಡರು. ಪ್ಯಾನೆಲ್ಲಿನ ತಪ್ಪಲ್ಲವೆಂದು ತೋರಿಸಲು ಒಂದು ಎಚ್‌ಡಿ ವಿಡಿಯೋವನ್ನು ಪೆನ್‌ಡ್ರೈವ್‌ಗೆ ಹಾಕಿ ಅದೇ ಟೀವಿಯಲ್ಲಿ ಓಡಿಸಿದೆ. ಚಿತ್ರ ಕನ್ನಡಿಯಂತೆ ಬಂತು. ಸ್ಟಿಕ್ ಸಿನಿಮಾವನ್ನು ಕೆಲವೇ ಸೆಕೆಂಡುಗಳ ತುಂಡುಗಳಾಗಿ ತರಿಸಿಕೊಳ್ಳುತ್ತದೆ. ಹಿಂದಿನ ತುಂಡು ಎಷ್ಟು ಬೇಗ ಬಂತೆಂಬುದನ್ನು ಅಳೆದು ಮುಂದಿನದನ್ನು ಯಾವ ಗುಣಮಟ್ಟದಲ್ಲಿ ಕೇಳಬೇಕೆಂದು ನಿರ್ಧರಿಸುತ್ತದೆ. ಆದ್ದರಿಂದ ನೆಟ್ ಸೋತಾಗ ಚಿತ್ರ ನಿಲ್ಲುವ ಮೊದಲು ಮಸುಕಾಗುತ್ತದೆ, ನೋಡುವವರು ಟೀವಿಯನ್ನು ಬೈಯುತ್ತಾರೆ. ನಮ್ಮ ಕಡೆಯ ಚಿರೆಕಲ್ಲಿನ ಗೋಡೆಗಳ ಹಿಂದೆ, ಟೀವಿಯ ಲೋಹದ ತಗಡಿಗೆ ಅಂಟಿಕೊಂಡಂತೆ ಸ್ಟಿಕ್ ಕುಳಿತಿದ್ದರಿಂದ ಕೆಲವು ಕೋಣೆಗಳಲ್ಲಿ 2 ಎಂಬಿಪಿಎಸ್ ನೆಟ್ ವೇಗ ಕೂಡ ಸಿಗುತ್ತಿರಲಿಲ್ಲ. ಸ್ಟಿಕ್ ಜೊತೆಗೆ ಬರುವ, ನಾವೆಲ್ಲ ಡಬ್ಬಿಯಲ್ಲೇ ಬಿಡುವ ಗೇಣುದ್ದದ ಎಚ್‌ಡಿಎಂಐ ಕೇಬಲ್ ತುಂಡನ್ನು ಹಾಕಿ ಸ್ಟಿಕ್ಕನ್ನು ಟೀವಿಯ ಬದಿಗೆ ಎಳೆದದ್ದಕ್ಕೇ ವೇಗ ಹೆಚ್ಚುಕಡಿಮೆ ದುಪ್ಪಟ್ಟಾಯಿತು. ವೈಫೈಯ 5 ಗಿಗಾಹರ್ಟ್ಸ್ ತರಂಗ ಚಿರೆಕಲ್ಲನ್ನು ದಾಟಲಾರದೆಂದು ಕಂಡ ಮೇಲೆ, ಮೊಗಸಾಲೆಯಲ್ಲಿ ಕ್ಯಾಟ್6 ನೆಟ್‌ವರ್ಕ್ ಕೇಬಲ್ ಎಳೆದು ವೈಫೈ ಹರಡುವ ಮೂರು ಆಕ್ಸೆಸ್ ಪಾಯಿಂಟ್ ಕೂರಿಸಿ, 2.4 ಗಿಗಾಹರ್ಟ್ಸ್‌ನಲ್ಲಿ 1, 6, 11ನೇ ಚಾನೆಲ್‌ಗಳನ್ನು, ಒಂದಕ್ಕೊಂದು ಅಡ್ಡ ಬರದಂತೆ, ಒಂದೊಂದಕ್ಕೆ ಕಟ್ಟಿಹಾಕಿದೆ. ಫುಲ್ ಎಚ್‌ಡಿಗೆ 5 ಎಂಬಿಪಿಎಸ್ ಸಾಕು. ಈಗ ಅತಿ ಮೂಲೆಯ ಕೋಣೆಯಲ್ಲೂ ಎಂಟಕ್ಕೆ ಕಡಿಮೆ ಬರುವುದಿಲ್ಲ. ಹನ್ನೆರಡೂ ಕೋಣೆ ಒಟ್ಟಿಗೆ ನೋಡಿದರೂ 100 ಎಂಬಿಪಿಎಸ್ ಸಂಪರ್ಕ ತಡೆದುಕೊಂಡಿದೆ.

ಕೆಲವು ಟೀವಿಗಳಲ್ಲಿ ಚಿತ್ರವಿದ್ದು ಧ್ವನಿ ಇರಲಿಲ್ಲ. ಸ್ಟಿಕ್ ಧ್ವನಿಯನ್ನು ಡಾಲ್ಬಿ ರೂಪದಲ್ಲಿ ಕಳಿಸುತ್ತಿತ್ತು, ಟೀವಿಗೆ ಅದು ಅರ್ಥವಾಗುತ್ತಿರಲಿಲ್ಲ. ಸಾದಾ ರೂಪವಾದ ಪಿಸಿಎಂಗೆ ಬದಲಿಸಿದೆ, ಮುಗಿಯಿತು.

ನನಗೆ ಹೆಚ್ಚು ಹೆಮ್ಮೆ ತಂದ ಸಂಗತಿ ಯಾವ ಅತಿಥಿಯೂ ಕೇಳದಿದ್ದದ್ದು. ಸುದ್ದಿಯ ಕೆಳಗೆ ಓಡುವ ಅಕ್ಷರಗಳು ತಡವರಿಸುತ್ತ ಸಾಗುವುದನ್ನು ಕಂಡು ನನಗೆ ಕಿರಿಕಿರಿಯಾಗುತ್ತಿತ್ತು. ನಮ್ಮ ದೇಶದ ಪ್ರಸಾರ ಸೆಕೆಂಡಿಗೆ 25 ಚಿತ್ರಗಳ ಲೆಕ್ಕದ್ದು, ಸ್ಟಿಕ್ ಮಾತ್ರ ತಾನಾಗಿ 60 ಹರ್ಟ್ಸ್, ಅಂದರೆ ಸೆಕೆಂಡಿಗೆ 60 ಸಲ ಚಿತ್ರ ತೋರಿಸುವ ಲೆಕ್ಕ, ಹಿಡಿದು ಕೂತಿತ್ತು. 25ನ್ನು 60ಕ್ಕೆ ಹೊಂದಿಸಲು ಅದು ಒಂದು ಚಿತ್ರವನ್ನು ಎರಡು ಸಲ, ಇನ್ನೊಂದನ್ನು ಮೂರು ಸಲ ತೋರಿಸಬೇಕಾಗುತ್ತದೆ, ತಡವರಿಕೆ ಹುಟ್ಟುವುದು ಅಲ್ಲಿ. 50 ಹರ್ಟ್ಸ್‌ಗೆ ಇಟ್ಟೆ, ಅಕ್ಷರಗಳು ಎಣ್ಣೆ ಹಾಕಿದಂತೆ ಜಾರಿದವು. ಒಂದು ಟೀವಿ ಮಾತ್ರ 50 ಒಪ್ಪದೆ ಕಪ್ಪಾಯಿತು, ಅದನ್ನು 60ರಲ್ಲೇ ಬಿಟ್ಟಿದ್ದೇನೆ.

ಇದೇ ಹುಮ್ಮಸ್ಸಿನಲ್ಲಿ ಮನೆಯ ಅಟ್ಟದಲ್ಲಿದ್ದ 21 ಇಂಚಿನ ಪಿಕ್ಚರ್ ಟ್ಯೂಬ್ ಟೀವಿಗೂ ಸ್ಟಿಕ್ ಹಾಕಿ ನೋಡಿದೆ. ನಾನೂರು ರೂಪಾಯಿಯ ಎಚ್‌ಡಿಎಂಐ–ಎವಿ ಕನ್ವರ್ಟರ್ ತಂದರೆ ಮೊದಲು ಬಣ್ಣವೇ ಇಲ್ಲದೆ ಚಿತ್ರ ಉರುಳತೊಡಗಿತು, ಬದಿಯ ಪುಟ್ಟ ಸ್ವಿಚ್ಚನ್ನು ಅಮೆರಿಕದ ಎನ್‌ಟಿಎಸ್‌ಸಿ ಪದ್ಧತಿಯಿಂದ ನಮ್ಮ ದೇಶದ ಪಾಲ್‌ಗೆ ಸರಿಸಿದಾಗ ನಿಂತಿತು. ಸಿನಿಮಾ ನೋಡಬಹುದು, ಆದರೆ ಮೆನುವಿನ ಅಕ್ಷರಗಳನ್ನು ಓದಲು ಟೀವಿಯ ಬುಡಕ್ಕೇ ಹೋಗಿ ಕೂರಬೇಕು. ಮಗನ ಗೆಳೆಯರಿಗೆ ಒಂದು ವಾರ ಅದೇ ಜಾತ್ರೆಯಾಗಿತ್ತು.

ಮತ್ತೆ ಲಾಡ್ಜಿಗೆ ಬರುವುದಾದರೆ, ಸಿಇಸಿ (ಎಚ್‌ಡಿಎಂಐ ಮೂಲಕ ಒಂದು ಸಾಧನ ಇನ್ನೊಂದನ್ನು ಆನ್, ಆಫ್ ಮಾಡುವ ಸೌಲಭ್ಯ) ಕೊಟ್ಟ ಕಾಟವನ್ನು ಹೇಳಲೇಬೇಕು. ಸ್ಟಿಕ್ ಎದ್ದರೆ ಟೀವಿಯೂ ಏಳಲಿ ಎಂದು ಅದನ್ನು ಎಲ್ಲೆಡೆ ಆನ್ ಮಾಡಿಟ್ಟಿದ್ದೆ. ಮಳೆಗಾಲದ ಒಂದು ರಾತ್ರಿ ಹೋದ ಕರೆಂಟು ಎರಡು ಗಂಟೆಗೆ ಬಂದಾಗ ಸ್ಟಿಕ್‌ಗಳೆಲ್ಲ ಎಚ್ಚೆತ್ತು, ತಮ್ಮೊಂದಿಗೆ ನಾಲ್ಕಾರು ಟೀವಿಗಳನ್ನೂ ಎಬ್ಬಿಸಿದವು. ಮಲಗಿದ್ದ ಅತಿಥಿಗಳು ಮೆಟ್ಟಿಲಿಳಿದು ಬಂದು ರಾತ್ರಿ ಪಾಳಿಯ ಹುಡುಗನನ್ನು ತರಾಟೆಗೆ ತೆಗೆದುಕೊಂಡರಂತೆ. ಮರುದಿನವೇ ಎಲ್ಲ ಟೀವಿಗಳಲ್ಲೂ ಸಿಇಸಿ ಆರಿಸಿದೆ. ಸ್ಟಿಕ್ಕಿನ ರಿಮೋಟಿಗೆ ಟೀವಿ ರಿಮೋಟಿನ ಐಆರ್ (ಇನ್‌ಫ್ರಾರೆಡ್) ಸಂಕೇತಗಳನ್ನು ಕಲಿಸಿದ್ದರಿಂದ ಪವರ್ ಮತ್ತು ವಾಲ್ಯೂಮ್‌ಗೆ ಎರಡನೆಯ ರಿಮೋಟು ಬೇಕಾಗಲಿಲ್ಲ.

ಫೋನಿನಲ್ಲಿರುವುದನ್ನು ಟೀವಿಗೆ ಕಳಿಸುವುದು, ಅಂದರೆ ಕ್ಯಾಸ್ಟ್ ಮಾಡುವುದು, ಇದಕ್ಕಿಂತ ದೊಡ್ಡ ತಲೆನೋವಾಯಿತು. ಒಂದೇ ವೈಫೈಯಲ್ಲಿ ಎಲ್ಲ ಸ್ಟಿಕ್‌ಗಳೂ ಎಲ್ಲ ಫೋನುಗಳಿಗೂ ಕಾಣುತ್ತವೆ. ಮದುವೆಗೆಂದು ಬಂದಿದ್ದ ತಂಡದ ಹುಡುಗನೊಬ್ಬ ನಾಲ್ಕನೆಯ ಕೋಣೆಯಲ್ಲಿ ಕುಳಿತು ಹಾಕಿದ ಹಾಡು, ಒಂಬತ್ತನೆಯ ಕೋಣೆಯಲ್ಲಿ ಸಂಧ್ಯಾವಂದನೆಗೆ ಕುಳಿತಿದ್ದ ಹಿರಿಯರ ಎದುರು ಮೊಳಗಿತು. ರೂಟರಿನಲ್ಲಿ ಐಸೊಲೇಷನ್ (ಒಂದು ಸಾಧನ ಇನ್ನೊಂದಕ್ಕೆ ಕಾಣದಂತೆ ಮಾಡುವ ವ್ಯವಸ್ಥೆ) ಹಾಕಿದರೆ ಅವರವರ ಕೋಣೆಯ ಸ್ಟಿಕ್ ಕೂಡ ಅವರವರ ಫೋನಿಗೆ ಕಾಣದಾಗುತ್ತದೆ. ಇದಕ್ಕೆ ನಾನು ಒಂದು ದಾರಿ ಕಂಡುಕೊಂಡಿದ್ದೇನೆ. ಅತಿಥಿ ಕೋಣೆ ಬಿಟ್ಟ ಮೇಲೆ ಅವರ ಲಾಗಿನ್ ಅಳಿಸಿ ವೈಫೈ ಮಾತ್ರ ಉಳಿಸಿಕೊಳ್ಳುವ ಉಪಾಯವೂ ಅದಕ್ಕೆ ಸೇರಿಕೊಂಡಿದೆ. ಅಂದು ನಕ್ಕ ಮೂವರಲ್ಲಿ ಇಬ್ಬರು ಈಗ ಫೋನ್ ಮಾಡಿ ಕೇಳುತ್ತಿರುವುದೂ ಇದನ್ನೇ, ಹಾಗಾಗಿ ಸದ್ಯಕ್ಕೆ ಅದು ನನ್ನಲ್ಲೇ ಇರಲಿ.

ಸ್ಟಿಕ್‌ಗಳಿಗೆ ಮೂವತ್ತಾರು ಸಾವಿರ, ಆಕ್ಸೆಸ್ ಪಾಯಿಂಟ್ ಮತ್ತು ಕೇಬಲ್ಲಿಗೆ ಒಂಬತ್ತು, ಅಡಾಪ್ಟರ್ ಮತ್ತು ವಯರಿಂಗಿಗೆ ಐದೂವರೆ ಎಂದು ನೆನಪು. ಮೊದಲ ಪೆಟ್ಟಿಗೆಗಳ ನಷ್ಟ ಕಳೆದು ನನ್ನ ಕೈಗೆ ಉಳಿದದ್ದು ಐದು ಸಾವಿರಕ್ಕಿಂತ ಕಡಿಮೆಯೇ. ಪಕ್ಕದ ಬೀದಿಯ ಲಾಡ್ಜಿನವರು ಹದಿನೆಂಟು ಕೋಣೆಗಳಿಗೆ ದರ ಕೇಳಿದ್ದಾರೆ, ಅವರಿಗೆ ಹೇಳುವ ಲೆಕ್ಕ ಬೇರೆ.