ಯಿಟ್ರಿಯಂ ತಗಡಿನಿಂದ ಜಿರ್ಕೋನಿಯಂ-89 ಬೇರ್ಪಡಿಸುವ ವಿಧಾನ

ರಕ್ತದಲ್ಲಿ ದಿನಗಟ್ಟಲೆ ಸುತ್ತಿ ನಿಧಾನವಾಗಿ ಗಡ್ಡೆಯನ್ನು ಸೇರುವ ಪ್ರತಿಕಾಯಗಳ ಜಾಡನ್ನು ಪೆಟ್ ಸ್ಕ್ಯಾನಿನಲ್ಲಿ (ದೇಹದೊಳಗಿನ ವಿಕಿರಣಶೀಲ ವಸ್ತು ಎಲ್ಲಿದೆಯೆಂದು ಚಿತ್ರದಲ್ಲಿ ತೋರಿಸುವ ಪರೀಕ್ಷೆಯಲ್ಲಿ) ಹಿಡಿಯಬೇಕಾದರೆ ಅಷ್ಟೇ ನಿಧಾನವಾಗಿ ಕ್ಷಯಿಸುವ ವಿಕಿರಣಶೀಲ ಐಸೋಟೋಪು ಬೇಕು. 78.4 ಗಂಟೆಗಳ ಅರ್ಧಾಯುವಿರುವ, ಅಂದರೆ ಅಷ್ಟು ಹೊತ್ತಿನಲ್ಲಿ ಅರ್ಧದಷ್ಟು ಕ್ಷಯಿಸುವ, ಜಿರ್ಕೋನಿಯಂ-89 ಆ ಕೆಲಸಕ್ಕೆ ಚೆನ್ನಾಗಿ ಒದಗುತ್ತದೆ. ಇಲ್ಲಿ ವಿವರಿಸುವ ಕೆಲಸವನ್ನು ಪರವಾನಗಿ ಪಡೆದ ಪ್ರಯೋಗಾಲಯದಲ್ಲಿ, ಸೀಸದ ಗೋಡೆಯ ಹಾಟ್ ಸೆಲ್‌ನೊಳಗೆ, ವಿಕಿರಣ ಸುರಕ್ಷತಾಧಿಕಾರಿಯ ಮೇಲ್ವಿಚಾರಣೆಯಲ್ಲಿ ಮಾತ್ರ ಮಾಡಬೇಕು. ಭಾರತದಲ್ಲಿ ಇದಕ್ಕೆ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಅನುಮತಿ ಕಡ್ಡಾಯ.

ನಿಸರ್ಗದಲ್ಲಿ ಸಿಗುವ ಯಿಟ್ರಿಯಂ ಪೂರ್ತಿ ಯಿಟ್ರಿಯಂ-89 ಆಗಿರುವುದರಿಂದ ಒಂದೇ ಐಸೋಟೋಪಿನ ಪಾಲು ಹೆಚ್ಚಿಸಿದ ದುಬಾರಿ ಸಂವರ್ಧಿತ ಲೋಹದ ಅಗತ್ಯವಿಲ್ಲ. ಕಣಗಳಿಗೆ ವೇಗ ಕೊಡುವ ಸೈಕ್ಲೋಟ್ರಾನ್ ಯಂತ್ರದ ಪ್ರೋಟಾನು ತಗಡಿಗೆ ಬಡಿದಾಗ ಒಂದು ನ್ಯೂಟ್ರಾನ್ ಹೊರಬಿದ್ದು ಯಿಟ್ರಿಯಂ ಜಿರ್ಕೋನಿಯಂ ಆಗುತ್ತದೆ. ಪ್ರೋಟಾನಿನ ಶಕ್ತಿಯನ್ನು 13 ಮೆಗಾ ಎಲೆಕ್ಟ್ರಾನ್ ವೋಲ್ಟ್ ಮೀರಲು ಬಿಡಬಾರದು. ಮೀರಿದರೆ ಎರಡು ನ್ಯೂಟ್ರಾನುಗಳು ಹೊರಬಿದ್ದು, 83 ದಿನಗಳ ಅರ್ಧಾಯುವಿನ ಜಿರ್ಕೋನಿಯಂ-88 ಹುಟ್ಟತೊಡಗುತ್ತದೆ; ಅದೂ ಜಿರ್ಕೋನಿಯಮ್ಮೇ ಆದ್ದರಿಂದ ಮುಂದೆ ಯಾವ ರಸಾಯನ ಕ್ರಮವೂ ಅದನ್ನು ಬೇರ್ಪಡಿಸಲಾರದು. ಶುದ್ಧತೆಯ ಅರ್ಧ ಭಾಗ ಆಮ್ಲ ಮುಟ್ಟುವ ಮೊದಲೇ ತೀರ್ಮಾನವಾಗಿರುತ್ತದೆ ಎಂದು ನಾನು ಹೇಳುವುದು ಇದಕ್ಕಾಗಿಯೇ.

1 ಗಿಗಾ ಬೆಕೆರೆಲ್ (ಸೆಕೆಂಡಿಗೆ ನೂರು ಕೋಟಿ ಪರಮಾಣು ಕ್ಷಯಿಸುವಷ್ಟು) ಜಿರ್ಕೋನಿಯಂ-89ರ ತೂಕ ಸುಮಾರು 60 ನ್ಯಾನೋಗ್ರಾಂ. ತಗಡು 100 ಮಿಲಿಗ್ರಾಂ ಇದ್ದರೆ, ನಮಗೆ ಬೇಕಾದ ಒಂದೊಂದು ಪರಮಾಣುವಿಗೂ ಹದಿನಾರು ಲಕ್ಷಕ್ಕಿಂತ ಹೆಚ್ಚು ಯಿಟ್ರಿಯಂ ಪರಮಾಣುಗಳಿರುತ್ತವೆ. ಅಷ್ಟರ ನಡುವಿನಿಂದ ಒಂದನ್ನು ಹೆಕ್ಕಲು ಸಾಧ್ಯವಾಗುವುದು, ದ್ರಾವಣದಲ್ಲಿ ಯಿಟ್ರಿಯಂ ಮೂರು ಧನವಿದ್ಯುದಂಶವನ್ನೂ ಜಿರ್ಕೋನಿಯಂ ನಾಲ್ಕನ್ನೂ ಹೊತ್ತಿರುವುದರಿಂದ. ಹೈಡ್ರಾಕ್ಸಮೇಟ್ ಗುಂಪುಗಳನ್ನು ಕೂರಿಸಿದ ರಾಳವು ತೀವ್ರ ಆಮ್ಲದಲ್ಲಿಯೂ ನಾಲ್ಕರದನ್ನು ಬಿಗಿಯಾಗಿ ಹಿಡಿದುಕೊಂಡು ಮೂರರದನ್ನು ಹರಿಯಬಿಡುತ್ತದೆ.

ತಗಡನ್ನು ಕರಗಿಸಲು ಅತಿಶುದ್ಧ ಹೈಡ್ರೋಕ್ಲೋರಿಕ್ ಆಮ್ಲವನ್ನು ಸ್ವಲ್ಪ ಸ್ವಲ್ಪವಾಗಿಯೇ ಸೇರಿಸಬೇಕು. ಯಿಟ್ರಿಯಂ ಭರದಿಂದ ಕರಗುತ್ತದೆ: ಸೀಸೆ ಬಿಸಿಯಾಗುತ್ತದೆ, ಹೈಡ್ರೋಜನ್ ಗುಳ್ಳೆಗಳು ಬುಸುಗುಟ್ಟುತ್ತ ಏಳುತ್ತವೆ. ಅವಸರಪಟ್ಟರೆ ಆ ನೊರೆಯೊಂದಿಗೆ ವಿಕಿರಣಶೀಲ ಹನಿಗಳೂ ಹೊರಸಿಡಿಯುತ್ತವೆ. ಹೊಸಬರು ಇದೇ ಕೆಲಸವನ್ನು ವಿಕಿರಣ ತಾಗದ ತಗಡಿನಲ್ಲಿ ಹಲವು ಬಾರಿ ಮಾಡಿ ಕೈಪಳಗಿಸಿಕೊಳ್ಳಬೇಕೆಂದು ನಾನು ಒತ್ತಿ ಹೇಳುತ್ತೇನೆ.

ಕರಗಿದ ದ್ರಾವಣವನ್ನು 2 ಮೋಲಾರ್ ಆಮ್ಲತೆಗೆ ತಂದು, ಸೋಸಿ, ರಾಳದ ಸಣ್ಣ ಕಾಲಂ ಮೂಲಕ ನಿಧಾನವಾಗಿ ಇಳಿಸಬೇಕು. ಬಳಿಕ ಅದೇ ಸಾಂದ್ರತೆಯ ಆಮ್ಲದಿಂದ ಚೆನ್ನಾಗಿ ತೊಳೆದರೆ ಉಳಿದ ಯಿಟ್ರಿಯಂ ಹೋಗುತ್ತದೆ. ಶುದ್ಧ ನೀರಿನಿಂದ ತೊಳೆದರೆ ಆಮ್ಲವೂ ಹೋಗುತ್ತದೆ. ಕೊನೆಗೆ 1 ಮೋಲಾರ್ ಆಕ್ಸಾಲಿಕ್ ಆಮ್ಲವನ್ನು ಹರಿಸಿದಾಗ, ಆಕ್ಸಲೇಟ್ ಜಿರ್ಕೋನಿಯಮ್ಮನ್ನು ರಾಳದಿಂದ ಬಿಡಿಸಿ ತನ್ನೊಂದಿಗೆ ಕೊಂಡೊಯ್ಯುತ್ತದೆ. ಇದನ್ನು ಒಂದೇ ಸೀಸೆಗೆ ಹಿಡಿಯದೆ ಸಣ್ಣ ಸಣ್ಣ ಭಾಗಗಳಾಗಿ ಹಿಡಿದರೆ, ಹೆಚ್ಚು ವಿಕಿರಣಶೀಲತೆಯಿರುವ ಭಾಗವನ್ನಷ್ಟೇ ಮುಂದೆ ಬಳಸಬಹುದು.

ಕಬ್ಬಿಣದ ವಿಷಯದಲ್ಲಿ ಬಹಳ ಎಚ್ಚರ ಬೇಕು. ಜಿರ್ಕೋನಿಯಮ್ಮನ್ನು ಪ್ರತಿಕಾಯಕ್ಕೆ ಜೋಡಿಸುವ ಡೆಫೆರಾಕ್ಸಮಿನ್, ಥಲಸ್ಸೀಮಿಯಾ ರೋಗಿಗಳ ದೇಹದಿಂದ ಹೆಚ್ಚುವರಿ ಕಬ್ಬಿಣವನ್ನು ತೆಗೆಯಲು ಕೊಡುವ ಔಷಧವೇ ಆಗಿದೆ. ಕಬ್ಬಿಣ ಎದುರಾದರೆ ಡೆಫೆರಾಕ್ಸಮಿನ್ ಜಿರ್ಕೋನಿಯಮ್ಮನ್ನು ಬಿಟ್ಟು ಕಬ್ಬಿಣವನ್ನೇ ಅಪ್ಪಿಕೊಳ್ಳುತ್ತದೆ. ಆದ್ದರಿಂದ ಉಕ್ಕಿನ ಸೂಜಿ, ಚಮಚ, ಇಕ್ಕಳಗಳು ದ್ರಾವಣಕ್ಕೆ ತಾಗದಂತೆ ಪ್ಲಾಸ್ಟಿಕ್ ಉಪಕರಣಗಳನ್ನೇ ಬಳಸಬೇಕು, ಪಾತ್ರೆಗಳನ್ನು ಮುಂಚೆಯೇ ಆಮ್ಲದಲ್ಲಿ ತೊಳೆದಿರಬೇಕು.

ಸಿಕ್ಕ ದ್ರಾವಣವನ್ನು ಜರ್ಮೇನಿಯಂ ಗಾಮಾ ಶೋಧಕದಲ್ಲಿ ಅಳೆದರೆ 909 ಕಿಲೋ ಎಲೆಕ್ಟ್ರಾನ್ ವೋಲ್ಟ್‌ನಲ್ಲಿ ಜಿರ್ಕೋನಿಯಂ-89ರ ಗೆರೆ ಎದ್ದು ಕಾಣಬೇಕು. ಪಕ್ಕದಲ್ಲೇ 898ರಲ್ಲಿ ಯಿಟ್ರಿಯಂ-88, ಕೆಳಗೆ 393ರಲ್ಲಿ ಜಿರ್ಕೋನಿಯಂ-88 ಇದ್ದರೆ ಕಾಣಿಸಿಕೊಳ್ಳುತ್ತವೆ. ಮಾದರಿಯನ್ನು ಕೆಲವು ವಾರ ಇಟ್ಟು ಮತ್ತೊಮ್ಮೆ ಅಳೆಯುವುದು ಒಳ್ಳೆಯದು, ಏಕೆಂದರೆ ಆ ಹೊತ್ತಿಗೆ 89 ತಗ್ಗಿ, ದೀರ್ಘಾಯುವಿನ ಕಲ್ಮಶಗಳು ಸ್ಪಷ್ಟವಾಗುತ್ತವೆ. ಕಾಲಂನಿಂದ ಹರಿದುಹೋದ ಯಿಟ್ರಿಯಂ ದ್ರಾವಣವನ್ನು ಮೊಹರು ಮಾಡಿ, ದಿನಾಂಕ ಬರೆದು ಸೀಸದ ಹಿಂದೆ ಇಡಬೇಕು. ಜಿರ್ಕೋನಿಯಂ-89ರ ಹತ್ತು ಅರ್ಧಾಯುಗಳು ಸುಮಾರು 33 ದಿನಗಳಲ್ಲಿ ಮುಗಿಯುತ್ತವೆಯಾದರೂ, ಯಿಟ್ರಿಯಂ-88 ಇದ್ದರೆ ಅದರ ಅರ್ಧಾಯುವೇ 106 ದಿನಗಳಿಗಿಂತ ಹೆಚ್ಚಾದ್ದರಿಂದ, ಅಳೆದು ನೋಡದೆ ಆ ಸೀಸೆಯನ್ನು ಹೊರಗೆ ಕಳುಹಿಸಬಾರದು.