ಎಂಟು ಜನರ ಅಕ್ಕಮಹಾದೇವಿ ಒಬ್ಬಳ ಮೈಮೇಲೆ

ಮುಂಬೈಯ ಮಾಟುಂಗದ ಮೈಸೂರು ಅಸೋಸಿಯೇಷನ್ ವೇದಿಕೆಯಲ್ಲಿ ನಾವು ಎಂಟು ಜನ ಸೇರಿ ಮಾಡಿದ್ದ ಅಕ್ಕಮಹಾದೇವಿ ನೃತ್ಯರೂಪಕ ಒಂದೂಕಾಲು ಗಂಟೆಯದು. 2020ರ ಲಾಕ್‌ಡೌನ್‌ನಲ್ಲಿ ಸಂಘವೊಂದರವರು ಫೋನ್ ಮಾಡಿ, "ಆನ್‌ಲೈನ್‌ನಲ್ಲಿ ನೀವೊಬ್ಬರೇ ಮಾಡಿಕೊಡಿ, ಇಪ್ಪತ್ತು ನಿಮಿಷ ಸಾಕು" ಎಂದರು. ಒಪ್ಪಿಕೊಂಡೆ.

ಒಬ್ಬಳೇ ಹಲವು ಪಾತ್ರ ಮಾಡುವುದು ಭರತನಾಟ್ಯಕ್ಕೆ ಹೊಸದಲ್ಲ. ಏಕಾಹಾರ್ಯ ಅಂದರೆ ಅದೇ ಅಲ್ವಾ? ಹಾಗಾಗಿ ಕ್ಯಾಮೆರಾ ಯೋಚನೆಗೆ ಮೊದಲು ಕತ್ತರಿ ಹಿಡಿದೆ. ಮದುವೆ ದಿಬ್ಬಣ, ಸಖಿಯರ ಕೋಲಾಟ ಹೋದವು. ಉಡುತಡಿ, ಕೌಶಿಕನ ಅರಮನೆ ಎರಡೂ ಒಂದೇ ಸಂಚಾರಿಯಲ್ಲಿ, ಅಂದರೆ ಕಥೆಯನ್ನು ಅಭಿನಯದಲ್ಲೇ ಬಿಡಿಸಿ ಹೇಳುವ ಭಾಗದಲ್ಲಿ, ಮುಗಿದವು. ಪೂರ್ತಿ ಉಳಿಸಿಕೊಂಡದ್ದು ಕಲ್ಯಾಣದ ಅನುಭವ ಮಂಟಪ. ಬಟ್ಟೆ ಬಿಟ್ಟವಳು ಕೂದಲಿನಿಂದ ಮೈ ಮುಚ್ಚಿಕೊಂಡದ್ದೇಕೆ ಎಂದು ಅಲ್ಲಮಪ್ರಭು ಕೇಳುವುದು, ಅಕ್ಕ ಉತ್ತರ ಕೊಡುವುದು. ಇಬ್ಬರೇ, ಮಾತಿಗೆ ಮಾತು. ಸಣ್ಣ ಪರದೆಗೆ ಹೇಳಿ ಮಾಡಿಸಿದ ಭಾಗ.

ವೇದಿಕೆಯಲ್ಲಾದರೆ ಒಂದು ಸುತ್ತು ತಿರುಗಿ ಪಾತ್ರ ಬದಲಾಯಿಸುತ್ತೇವೆ. ಡೊಂಬಿವಲಿಯ ನಮ್ಮ ಮನೆಯ ಹಾಲ್‌ನಲ್ಲಿ ಸುತ್ತು ಹಾಕಿದರೆ ಕೈ ಚೌಕಟ್ಟಿನಿಂದ ಹೊರಗೆ! ಅರ್ಧ ತಿರುವು ಸಾಕು ಎಂದು ತೀರ್ಮಾನಿಸಿ, ಉಳಿದದ್ದನ್ನು ಕಣ್ಣಿಗೆ ಬಿಟ್ಟೆ. ಫೋನಿನ ಬಲಕ್ಕೆ, ಗೋಡೆಯ ಮೇಲೆ ತುಸು ಎತ್ತರದಲ್ಲಿ ಒಂದು ಟೇಪಿನ ತುಂಡು. ಅದು ಪೀಠದ ಮೇಲಿನ ಅಲ್ಲಮ. ಎಡಕ್ಕೆ, ಸ್ವಲ್ಪ ಕೆಳಗೆ ಇನ್ನೊಂದು. ಅದು ಅಕ್ಕ. ಅಲ್ಲಮನಾದಾಗ ಎಡದ ಟೇಪು ನೋಡಬೇಕು, ಅಕ್ಕನಾದಾಗ ಬಲದ್ದು.

ಹಾಗಾದರೆ ಚೆನ್ನಮಲ್ಲಿಕಾರ್ಜುನ ಎಲ್ಲಿ? ವೇದಿಕೆಯಲ್ಲಿ ದೇವರೆಂದರೆ ಉಲ್ಲೋಕಿತ, ದೃಷ್ಟಿ ಮೇಲಕ್ಕೆ. ಹತ್ತಿರದ ಕ್ಯಾಮೆರಾದಲ್ಲಿ ಹಾಗೆ ನೋಡಿದರೆ ಕಣ್ಣಿನ ಬಿಳಿ, ಕತ್ತು ಬಿಟ್ಟು ಬೇರೇನೂ ಕಾಣುವುದಿಲ್ಲ. ಅದಕ್ಕೆ ಲೆನ್ಸನ್ನೇ ಅವನಿಗೆ ಕೊಟ್ಟೆ. ಬೇರೆ ಯಾರನ್ನು ಮಾತಾಡಿಸುವಾಗಲೂ ಅತ್ತ ನೋಡುವಂತಿಲ್ಲ. ಇಡೀ ಕೆಲಸದಲ್ಲಿ ನನಗೆ ತುಂಬಾ ಖುಷಿ ಕೊಟ್ಟ ನಿರ್ಧಾರ ಇದೇ. ಅಕ್ಕ ಅವನನ್ನು ಕರೆದಾಗ ನೋಡುವವರಿಗೆ ತಮ್ಮನ್ನೇ ಕರೆದಂತಾಗುತ್ತದೆ.

ಜತಿಗಳು, ಅಂದರೆ ಬರೀ ತಾಳದ ಸೊಲ್ಲುಗಳಿಗೆ ಹಾಕುವ ಹೆಜ್ಜೆಗಳು, ಮಾತ್ರ ಸೊರಗಿದವು. ಮಂಡಿ ಬಾಗಿಸಿ ನಿಲ್ಲುವ ಅರೆಮಂಡಿ ಪಾದದವರೆಗೂ ಕಾಣಬೇಕೆಂದರೆ ಫೋನ್ ದೂರ ಇಡಬೇಕು, ಆಗ ಮುಖ ಕಾಣುವುದಿಲ್ಲ. ಎರಡೂ ಬೇಕು ಎಂದು ಹಟ ಮಾಡದೆ, ಜತಿಯ ಕೊನೆಗೆ ಬರುವ ಮುಕ್ತಾಯದ ಹೆಜ್ಜೆಗಳಾದ ತೀರ್ಮಾನಗಳನ್ನು ಮೊಟಕು ಮಾಡಿದೆ. ಹೆಜ್ಜೆಯ ಸದ್ದು ಕಡಿಮೆಯಾಗಿ, ಕೆಳಗಿನ ಮನೆಯ ಕಾಕೂಗೂ (ಮರಾಠಿಯಲ್ಲಿ ಚಿಕ್ಕಮ್ಮ) ಅದೇ ಅನುಕೂಲ.

ಲೋಕಲ್ ರೈಲು ಆಗ ಅಗತ್ಯ ಸೇವೆಯವರಿಗೆ ಮಾತ್ರ. ಗಾಯಕಿ ವಾಶಿಯಲ್ಲಿ, ಮೃದಂಗದವರು ಮುಲುಂಡ್‌ನಲ್ಲಿ. ಇಂಟರ್ನೆಟ್‌ನಲ್ಲಿ ಸದ್ದು ತಡವಾಗಿ ತಲುಪುವುದರಿಂದ ಒಟ್ಟಿಗೆ ನುಡಿಸಿದರೆ ತಾಳ ಕೂಡುವುದಿಲ್ಲ. ನಾನು ಮೊದಲು ನಟ್ಟುವಾಂಗ (ತಾಳ ಹಾಕುತ್ತಾ ಸೊಲ್ಲು ಹೇಳುವುದು) ರೆಕಾರ್ಡ್ ಮಾಡಿ ಕಳಿಸಿದೆ, ಅವರು ಇಯರ್‌ಫೋನ್‌ನಲ್ಲಿ ಅದನ್ನು ಕೇಳುತ್ತಾ ಹಾಡಿ, ನುಡಿಸಿ ವಾಪಸ್ ಕಳಿಸಿದರು. ಜೂಮ್‌ನಲ್ಲಿ ನೇರವಾಗಿ ಮಾಡುವ ಆಸೆ ಬಿಟ್ಟೆ. ಅದು ಮಾತಲ್ಲದ್ದನ್ನೆಲ್ಲ ಗಲಾಟೆ ಎಂದುಕೊಂಡು ತಂಬೂರಿಯನ್ನೂ ಗೆಜ್ಜೆಯನ್ನೂ ಅಡಗಿಸುತ್ತದೆ. 'ಒರಿಜಿನಲ್ ಸೌಂಡ್' ಹಾಕಿದರೆ ಪರವಾಗಿಲ್ಲ, ಆದರೆ ನೆಟ್ ತೊದಲಿದರೆ ಹೆಜ್ಜೆಯೂ ತೊದಲುತ್ತದೆ. ಒಂದೇ ಓಟದಲ್ಲಿ, ನಡುವೆ ಕತ್ತರಿ ಹಾಕದೆ ಚಿತ್ರೀಕರಿಸಿ ಕೊಟ್ಟೆ. ತುಂಡು ತುಂಡು ಜೋಡಿಸಿದರೆ ಅಲ್ಲಮ ಅಕ್ಕನಾಗುವ ಆ ಗಳಿಗೆಯೇ ಕಾಣುವುದಿಲ್ಲ.

ಸಭಾಂಗಣಗಳು ತೆರೆದ ಮೇಲೆ ರೂಪಕ ಮತ್ತೆ ಎಂಟು ಜನರದಾಯಿತು. ಆದರೆ ದಿಬ್ಬಣವನ್ನು ವಾಪಸ್ ತರಲಿಲ್ಲ. ಸಖಿಯರಿಗೆ ಅದರ ಮುನಿಸು ಇನ್ನೂ ಇದೆ.