ಜಿಸಿ ವಯಲ್: ಗಾಜಿನಲ್ಲಿ ಉಳಿಸಿ ಸೆಪ್ಟಮ್‌ಗೆ ಹಾಕಿದೆ

ಮಂಗಳೂರು ಬೈಕಂಪಾಡಿಯ ನಮ್ಮ ಪ್ರಯೋಗಾಲಯದಲ್ಲಿ ಮೀನಿನ ಕೀಟನಾಶಕ ಶೇಷವನ್ನು ಜಿಸಿ-ಎಂಎಸ್‌ನಲ್ಲಿ (ವಸ್ತುಗಳನ್ನು ಆವಿಯಾಗಿಸಿ ಬೇರ್ಪಡಿಸಿ, ಅಣುವಿನ ತುಣುಕುಗಳ ತೂಕದಿಂದ ಗುರುತಿಸುವ ಯಂತ್ರ) ನೋಡುವಾಗ, ಬರಿಯ ಹೆಕ್ಸೇನ್ ದ್ರಾವಕ ಹಾಕಿದರೂ ಸಮ ಅಂತರದ ಪೀಕ್‌ಗಳು ಸಾಲಾಗಿ ಏಳುತ್ತಿದ್ದವು. ಅವುಗಳಲ್ಲಿ 73, 207, 281 ತೂಕದ ತುಣುಕು ಕಂಡರೆ ಸಿಲೋಕ್ಸೇನ್, ಅಂದರೆ ಸಿಲಿಕೋನಿನಿಂದ ಬಂದದ್ದು, ಎಂದು ಹೇಳಲು ಯಾರೂ ಬೇಡ. ಎಲ್ಲಿಂದ ಬರುತ್ತಿದೆ ಎಂಬುದೇ ಜಗಳ. ಸರ್ವಿಸಿಗೆ ಬಂದವರು ಕಾಲಂ (ವಸ್ತುಗಳನ್ನು ಬೇರ್ಪಡಿಸುವ ಉದ್ದನೆಯ ಸಣ್ಣ ಕೊಳವೆ) ಕೆಟ್ಟಿದೆ ಎಂದರು. ಬದಲಿಸಿದೆವು, ಐವತ್ತು ಸಾವಿರದ ಆಸುಪಾಸು ಹೋಯಿತು, ಪೀಕ್‌ಗಳು ಹೋಗಲಿಲ್ಲ. ಕಾಲಂ ಬ್ಲೀಡ್ (ಬಿಸಿಗೆ ಒಳಲೇಪ ಸವೆದು ಹೊರಬರುವುದು) ಆಗಿದ್ದರೆ ಬಿಸಿ ಏರಿದಂತೆ ಬೇಸ್‌ಲೈನ್ ಏರಬೇಕು, ಹೀಗೆ ಬಿಡಿಬಿಡಿಯಾಗಿ ಬರುವುದಿಲ್ಲ. ಸ್ಯಾಂಪಲ್ ತುಂಬುವ ಪುಟ್ಟ ಗಾಜಿನ ಸೀಸೆ, ಅಂದರೆ ವಯಲಿನ ಮುಚ್ಚಳ ನೋಡೋಣ ಎಂದರೆ, "ಮುಚ್ಚಳದಿಂದ ಇಷ್ಟೆಲ್ಲ ಬರುತ್ತದೆಯೇ ಮಾರಾಯರೇ?" ಎಂದು ಹಿರಿಯರು ನಕ್ಕರು.

ಜೂನ್, ಜುಲೈನಲ್ಲಿ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಧಕ್ಕೆಯಿಂದ ಸ್ಯಾಂಪಲ್ ಕಡಿಮೆ. ಆ ಬಿಡುವಿನಲ್ಲಿ ಒಂದೇ ಬಾಟಲಿಯ ಹೆಕ್ಸೇನನ್ನು ಎರಡು ವಯಲ್‌ಗಳಿಗೆ ಹಾಕಿದೆ. ಒಂದಕ್ಕೆ ಮಾಮೂಲಿ ಸೆಪ್ಟಮ್ (ಮುಚ್ಚಳದೊಳಗಿನ, ಸೂಜಿ ಚುಚ್ಚುವ ಬಿಲ್ಲೆ; ಸಿಲಿಕೋನಿನ ಮೇಲೆ ಟೆಫ್ಲಾನ್ ಪದರ), ಇನ್ನೊಂದಕ್ಕೆ ತೊಳೆದ ಅಲ್ಯುಮಿನಿಯಂ ಹಾಳೆ. ಹಾಳೆಯದರಲ್ಲಿ ಗೆರೆ ಸಪಾಟು. ಸೆಪ್ಟಮ್ ಇದ್ದದ್ದರಲ್ಲಿ ಮೊದಲ ಇಂಜೆಕ್ಷನ್‌ಗೆ ಸಣ್ಣ ಪೀಕ್, ಅದೇ ವಯಲಿನ ಐದನೆಯದಕ್ಕೆ ಹಲವು ಪಟ್ಟು. ಸೂಜಿ ಟೆಫ್ಲಾನ್ ಪದರವನ್ನು ಹರಿದ ಮೇಲೆ ಹೆಕ್ಸೇನ್ ಒಳಗಿನ ಸಿಲಿಕೋನಿಗೆ ತಾಗುತ್ತದೆ. ಮಸೂರ ಹಿಡಿದು ನೋಡಿದರೆ ವಯಲಿನ ತಳದಲ್ಲಿ ಗಂಧದ ಹುಡಿಯಷ್ಟು ಸಣ್ಣ ಬಿಳಿ ಚೂರುಗಳು. ಅಲ್ಲಿಗೆ ವಾದ ಮುಗಿಯಿತು.

ಸೀಳಿದ ಸೆಪ್ಟಮ್ ಕೂಡ ತರಿಸಿದೆವು, ಸೂಜಿಗೆ ಒಳ್ಳೆಯದೆಂದು. ಹೆಕ್ಸೇನ್ ತುಂಬಿದ ವಯಲನ್ನು ತೂಗಿ ರಾತ್ರಿಯಿಡೀ ಟ್ರೇಯಲ್ಲಿಟ್ಟೆ. ಸುಮಾರು ಒಂದು ಗ್ರಾಂ ಹೆಕ್ಸೇನಿನಲ್ಲಿ ನೆನಪಿನಂತೆ ಮೂವತ್ತು ಮಿಲಿಗ್ರಾಮಿನ ಮೇಲೆ ಆರಿತ್ತು; ಸೀಳದ್ದರಲ್ಲಿ ಎರಡು ಮೂರು. ಸ್ಟ್ಯಾಂಡರ್ಡ್ (ಪ್ರಮಾಣ ಗೊತ್ತಿರುವ ಹೋಲಿಕೆಯ ದ್ರಾವಣ) ಹಾಗೆ ಗಟ್ಟಿಯಾಗುತ್ತ ಹೋದರೆ ಕ್ಯಾಲಿಬ್ರೇಷನ್‌ಗೆ ಏನು ಅರ್ಥ?

ಈಗ ಒಂದೇ ಸಲ ಚುಚ್ಚುವ ಸ್ಯಾಂಪಲ್‌ಗೆ ಟೆಫ್ಲಾನ್ ಮತ್ತು ಕೆಂಪು ರಬ್ಬರಿನ ಅಗ್ಗದ ಸೆಪ್ಟಮ್. ಸ್ಟ್ಯಾಂಡರ್ಡ್‌ಗೆ ಎರಡೂ ಬದಿ ಟೆಫ್ಲಾನ್ ಇರುವ, ನಡುವೆ ಸಿಲಿಕೋನಿನ ದುಬಾರಿ ಸೆಪ್ಟಮ್. ಸ್ಟ್ಯಾಂಡರ್ಡನ್ನೂ ನಾಲ್ಕೈದು ವಯಲ್‌ಗಳಿಗೆ ಹಂಚಿ, ಪ್ರತಿಯೊಂದನ್ನು ಒಮ್ಮೆ ಮಾತ್ರ ಚುಚ್ಚಿಸುತ್ತೇನೆ. ಮುಚ್ಚಳ ತಿರುಪುವಾಗ ಸೆಪ್ಟಮ್ ನಡುವೆ ಕುಸಿದರೆ ಬಿಗಿ ಹೆಚ್ಚಾಯಿತೆಂದೇ ಲೆಕ್ಕ. ಹೊಸ ಸೆಪ್ಟಮ್‌ಗಳನ್ನು ಓವನ್ನಿನಲ್ಲಿ ಕಾಯಿಸಿಯೇ ಬಳಸುತ್ತೇನೆ. ಎಷ್ಟು ಬಿಸಿ, ಎಷ್ಟು ಹೊತ್ತು ಎಂಬುದು ನನ್ನಲ್ಲೇ ಇರಲಿ.

ಗಾಜಿಗೆ ಮಾತ್ರ ದುಡ್ಡು ಸುರಿಯಬೇಕಿಲ್ಲ. ಬಿಸಿಗೆ ಹಿಗ್ಗುವ ಲೆಕ್ಕದ 33ರ ಬೋರೋಸಿಲಿಕೇಟ್, 51ರದ್ದು, ಕಂದು ಬಣ್ಣದ್ದು ಎಲ್ಲವನ್ನೂ ಹೋಲಿಸಿದೆ. ನಮ್ಮ ಆರ್ಗನೋಕ್ಲೋರಿನ್‌ಗಳಿಗೆ (ಕ್ಲೋರಿನ್ ಇರುವ ಕೀಟನಾಶಕಗಳಿಗೆ) ವ್ಯತ್ಯಾಸ ಕಾಣಲಿಲ್ಲ. ಅಳತೆ ಮುಖ್ಯ. 12×32 ಮಿಮೀ ಎಂದು ಚೀಟಿಯಲ್ಲಿದ್ದರೂ ಕ್ಯಾಲಿಪರ್ ಹಿಡಿಯದೆ ಪೆಟ್ಟಿಗೆ ಒಪ್ಪಿಕೊಳ್ಳುವುದಿಲ್ಲ. ಕುತ್ತಿಗೆ ಸೊಟ್ಟಗಿದ್ದ ಒಂದು ಬ್ಯಾಚಿನ ವಯಲ್ ರೋಬೋಟ್ ಕೈಯಿಂದ ಜಾರಿ ಬಿದ್ದು, ರಾತ್ರಿಯ ಸರಣಿಯೆಲ್ಲ ಹಾಳಾಗಿತ್ತು.

ವಯಲ್ ತೊಳೆದು ಮತ್ತೆ ಬಳಸಿಯೂ ನೋಡಿದೆ. ಮೆಥನಾಲ್, ಹೆಕ್ಸೇನ್, ಓವನ್, ಹುಡುಗನ ಅರ್ಧ ದಿನದ ಕೂಲಿ ಎಲ್ಲ ಸೇರಿಸಿದರೆ ಹತ್ತು ಹದಿನೈದು ರೂಪಾಯಿಯ ಹೊಸ ವಯಲೇ ಅಗ್ಗ. ಗಾಜಿನಲ್ಲಿ ಉಳಿದದ್ದು ಸೆಪ್ಟಮ್‌ಗೆ ಹೋಗುತ್ತದೆ, ತಿಂಗಳ ಖರ್ಚು ಹೆಚ್ಚುಕಡಿಮೆ ಮೊದಲಿನಷ್ಟೇ. ಕಾಲಂ ಮಾತ್ರ ಆಮೇಲೆ ಬದಲಿಸಬೇಕಾಗಿ ಬಂದಿಲ್ಲ.